ಐದನೇ ಕಂಬದ ಮೇಲಿನ ಗೋಡೆ

18 ಜುಲೈ 1988

ಅಣ್ಣನಿಗೆ,

ಕ್ಷೇಮ ಸಮಾಚಾರ ಬರೆಯುವ ಸ್ಥಿತಿಯಲ್ಲಿ ನಾನಿಲ್ಲ, ನಿಮ್ಮದನ್ನು ಕೇಳುವ ತಾಳ್ಮೆಯೂ ಈಗ ಇಲ್ಲ. ಹೋದ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾಲೇಜಿನ ವಾಚನಾಲಯದ ವರಾಂಡ, ನದಿಯ ಕಡೆಯದು, ಐದನೇ ಕಂಬದಿಂದ ಆಚೆಗೆ ಪೂರ್ತಿ ಕುಸಿದು ಬಿತ್ತು. ನಾನು ಒಳಗೆ ಕೂತು ಹೊಸ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದೆ. ತಲೆ ತುಂಬ ಧೂಳು ಬಿತ್ತೇ ಹೊರತು ನನಗೇನೂ ಆಗಲಿಲ್ಲ.

ರಟ್ಟಜ್ಜ ಹೊರಗಿದ್ದ. ನಿನಗೆ ನೆನಪಿದ್ದೇ ಇರುತ್ತದೆ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕ, ನೀನು ಬಂದಾಗಲೆಲ್ಲ ಕ್ಯಾಮೆರಾದ ಸ್ಟ್ಯಾಂಡ್ ಹೊತ್ತು ನದಿಯ ಮೆಟ್ಟಿಲಿಳಿಯುತ್ತಿದ್ದವನು. ಅಂಟಿನ ವಾಸನೆ ಓದುವವರಿಗೆ ಆಗುವುದಿಲ್ಲವೆಂದು ಅವನ ಮಣೆಯನ್ನು ವರಾಂಡದಲ್ಲೇ ಹಾಕಿಸಿದ್ದರು. ಕಲ್ಲುಗಳ ಕೆಳಗಿಂದ ಅವನನ್ನು ಎಳೆಯಲು ಒಂದೂವರೆ ಗಂಟೆ ಹಿಡಿಯಿತು. ಬಲಗೈ ಮಣಿಕಟ್ಟಿನಿಂದ ಕೆಳಗೆ ಉಳಿಯಲಿಲ್ಲ, ಆಸ್ಪತ್ರೆಯಲ್ಲಿ ತೆಗೆದುಬಿಟ್ಟರು. ಮೂವತ್ತೆರಡು ವರ್ಷ ಹೊಲಿದ ಕೈ ಅದು.

ಈಗ ಮುಂದಿನದನ್ನು ಕೇಳು. ಪ್ರಾಂಶುಪಾಲರು ಗೂಬೆಯನ್ನು ತಂದು ನನ್ನ ತಲೆಯ ಮೇಲೆ ಕೂರಿಸಿದ್ದಾರೆ. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ನಾನು ವರಾಂಡದಲ್ಲಿ ಇಡಿಸಿದ್ದೆನಂತೆ, ಆ ಭಾರಕ್ಕೆ ಬಿತ್ತಂತೆ. ಒಳಗೆ ಜಾಗವಿಲ್ಲ, ಹೊರಗೆ ಇಡಿಸಿ ಎಂದು ಬಾಯಿಬಿಟ್ಟು ಹೇಳಿದವರು ಅವರೇ. ಐದನೇ ಕಂಬದ ಮೇಲೆ ಗೋಡೆ ಬಿರುಕು ಬಿಟ್ಟಿದೆ ಎಂದು ನಾನು ಮೂರು ಸಲ ಬರೆದುಕೊಟ್ಟಿದ್ದೆ. ಅಂಥ ಕಾಗದ ಒಂದೂ ಆಫೀಸಿಗೆ ಬಂದಿಲ್ಲವಂತೆ. ನನ್ನನ್ನು ಅಮಾನತಿನಲ್ಲಿ ಇಟ್ಟಿದ್ದಾರೆ. ಆಗಸ್ಟ್ 29ಕ್ಕೆ ವಿಚಾರಣಾ ಸಮಿತಿ ಕೂರುತ್ತದೆ. ತಪ್ಪು ನನ್ನದು ಎಂದಾದರೆ ನನ್ನ ಕೆಲಸ ಹೋಗುತ್ತದೆ, ಅದು ಹಾಗಿರಲಿ. ಕಟ್ಟಡ ಸರಿಯಿತ್ತು ಎಂದಾದರೆ ರಟ್ಟಜ್ಜನ ಕೈಗೆ ಕಾಲೇಜು ಹೊಣೆಯೇ ಅಲ್ಲ. ಆಗ ಆ ಮುದುಕ ಎಲ್ಲಿಗೆ ಹೋಗಬೇಕು?

ಮೊನ್ನೆ ಆಫೀಸಿಗೆ ಕರೆಸಿ ಈ ವರ್ಷದ ಪ್ರಾಸ್ಪೆಕ್ಟಸ್ ಎತ್ತಿ ಹಿಡಿದರು. ಮುಖಪುಟದಲ್ಲಿ ನಾನು. “ಬಿರುಕು ಎಲ್ಲಿದೆ ತೋರಿಸಿಮ್ಮ. ನೀವೇ ಗೋಡೆ ಮೇಲೆ ಕೈ ಇಟ್ಕೊಂಡು ನಗ್ತಾ ನಿಂತಿದ್ದೀರಲ್ಲ” ಅಂದರು. ಸಾಣೆಕಲ್ಲಿನ ಹಾಗೆ ನುಣ್ಣಗಿದೆ ಗೋಡೆ.

ಅದು ಜನವರಿಯಲ್ಲಿ ನೀನು ತೆಗೆದ ಫೋಟೋ. ಕಾಗದ ಕಳೆದುಹೋಯಿತು ಅನ್ನಬಹುದು, ಫೋಟೋವನ್ನು ಇಲ್ಲ ಅನ್ನಲಾಗುವುದಿಲ್ಲ ಎಂದು ಬೇಕೆಂದೇ ಬಿರುಕಿನ ಮೇಲೆ ಕೈ ಇಟ್ಟು ನಿಂತಿದ್ದೆ. ಒಂದು ಪ್ರತಿ ಆಫೀಸಿಗೆ ಕೊಡು ಎಂದು ನಿನಗೆ ಹೇಳಿದ್ದೂ ಅದಕ್ಕೇ. ಅಚ್ಚು ಹಾಕಿಸುವಾಗ ಬಿರುಕನ್ನು ಅಳಿಸಿಬಿಟ್ಟಿದ್ದಾರೆ ಕಳ್ಳರು. ಆದರೆ ನಿನ್ನ ನೆಗೆಟಿವನ್ನು ಅವರು ಮುಟ್ಟಲಾರರು. ಅದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸು. ಬೇರೇನೂ ಬೇಡ.

ನಿನ್ನ ತಂಗಿ

2 ಆಗಸ್ಟ್ 1988

ಜೀರಿಗೆಮೆಣಸಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಿನ್ನ ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗಂತೂ ರಟ್ಟಜ್ಜನ ಮುಖವೇ ಕಣ್ಣ ಮುಂದೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸ್ಟುಡಿಯೋಗೆ ಸುಣ್ಣ ಹೊಡೆಸುತ್ತಿದ್ದೇನೆ. ನೆಗೆಟಿವ್ ಪೆಟ್ಟಿಗೆಗಳೆಲ್ಲ ಅಟ್ಟ ಸೇರಿವೆ, ಯಾವುದು ಎಲ್ಲಿದೆಯೋ ದೇವರಿಗೇ ಗೊತ್ತು.

ಆ ವರಾಂಡ ಬಿದ್ದಿದೆ ಎಂದರೆ ನಂಬಲಿಕ್ಕೇ ಆಗುತ್ತಿಲ್ಲ. ಕಾಲೇಜಿನ ಪ್ರಾಸ್ಪೆಕ್ಟಸ್‌ಗೆಂದು ಒಂಬತ್ತು ವರ್ಷದಿಂದ ಪ್ರತಿ ಜನವರಿ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಬಂದು ಅದನ್ನು ತೆಗೆದಿದ್ದೇನೆ. ಕೆಳಗಿನಿಂದ ಹನ್ನೊಂದನೇ ಮೆಟ್ಟಿಲಲ್ಲಿ ಕ್ಯಾಮೆರಾ ಇಟ್ಟರೆ ಒಂಬತ್ತು ಕಮಾನುಗಳೂ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತವೆ. ದೋಣಿ ಹುಟ್ಟು ಹಾಕುವ ಹುಡುಗರು ಬಂದರೆ ನೀರು ಕಲಕಿಹೋಗುತ್ತದೆ. ಹಾಸ್ಟೆಲಿನ ಹುಡುಗಿಯರು ಮಾಳಿಗೆಯ ಮೇಲೆ ತಲೆ ಒಣಗಿಸಿಕೊಳ್ಳುತ್ತ ಕೈ ಬೀಸುತ್ತಾರೆ. ಸೈಕಲ್ಲುಗಳನ್ನು ಕಂಬಕ್ಕೇ ಒರಗಿಸಿ ಹೋಗುತ್ತಾರೆ. ಕಟ್ಟಡದ ಫೋಟೋ ಎಂದರೆ ಅರ್ಧ ಕೆಲಸ ಜನ ಹೋಗಲಿ ಎಂದು ಕಾಯುವುದೇ. ಹಾಗೆ ಕಾದು ಕಾದು ಆ ಕಟ್ಟಡ ನನಗೆ ಮನೆಯವರ ಹಾಗೆ ಆಗಿಹೋಗಿತ್ತು.

ದೊಡ್ಡವನಾಗಿ ಒಂದು ಮಾತು ಹೇಳುತ್ತೇನೆ, ನಿನ್ನ ಮೂಗಿನ ತುದಿಯ ಕೋಪವನ್ನು ಸ್ವಲ್ಪ ಪಕ್ಕಕ್ಕಿಟ್ಟು ಕೇಳು. ನೀರಲ್ಲಿದ್ದು ಮೊಸಳೆಯ ಜೊತೆ ಜಗಳ ಆಡಬಾರದು. ಪತ್ರಿಕೆ ಕಟ್ಟುಗಳನ್ನು ಅಲ್ಲಿ ಇಟ್ಟದ್ದು ತಪ್ಪಾಯಿತು ಎಂದು ಒಂದು ಸಾಲು ಬರೆದುಕೊಟ್ಟರೆ ಬೇರೆ ವಿಭಾಗಕ್ಕೆ ಹಾಕಿ ಸುಮ್ಮನಾಗುತ್ತಾರೆ. ರಟ್ಟಜ್ಜನಿಗೆ ನಾವೇ ಏನಾದರೂ ಮಾಡೋಣ. ಸುಣ್ಣದ ಕೆಲಸ ಮುಗಿದ ಮೇಲೆ ನೆಗೆಟಿವ್ ಹುಡುಕುತ್ತೇನೆ.

ನಿನ್ನ ಅಣ್ಣ

6 ಆಗಸ್ಟ್ 1988

ಅಣ್ಣನಿಗೆ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎರಡು ಪುಟ ಬರೆದಿದ್ದೀಯ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು, ನನಗೆ ಮಾತ್ರ ಏನೂ ಕಾಣಲಿಲ್ಲ. ನೀರಿನಲ್ಲಿ ಕಮಾನು ಹೇಗೆ ನಿಲ್ಲುತ್ತದೆ ಎಂದು ನಾನು ಕೇಳಿದ್ದೆನೇ? ಅವು ಈಗ ನೀರಿನಲ್ಲೇ ಬಿದ್ದಿವೆ, ದಿನಾ ನೋಡುತ್ತಿದ್ದೇನೆ.

ನಿನ್ನ ಸ್ಟುಡಿಯೋ ಇರುವುದು ಒಂದು ಕೋಣೆ, ಒಂದು ಕತ್ತಲೆಕೋಣೆ. ಹದಿನೈದು ದಿನ ಸುಣ್ಣ ಹೊಡೆಸಲು ಅದೇನು ಅರಮನೆಯೇ? ತಪ್ಪಾಯಿತು ಎಂದು ಬರೆದುಕೊಡಬೇಕಂತೆ. ಯಾರ ತಪ್ಪು? ನಾನು ಆ ಸಾಲು ಬರೆದ ದಿನ ರಟ್ಟಜ್ಜನ ಕೈಯನ್ನು ನಾನೇ ಕತ್ತರಿಸಿದೆ ಎಂದು ಬರೆದ ಹಾಗೆ. ಅದನ್ನು ಬರೆಯಲು ಹೇಳುವ ಬಾಯಿ ನಿನಗೆ ಹೇಗೆ ಬಂತು?

ನಿನ್ನೆ ಅವನ ಮನೆಗೆ ಹೋಗಿದ್ದೆ. ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಾನೆ. ನಾನು ಕೂತಷ್ಟು ಹೊತ್ತೂ ಒಂದು ಗುಂಡಿಯೂ ಬೀಳಲಿಲ್ಲ. ಸಹಾಯಕ್ಕೆ ಹೋದರೆ ಬೈದ. ಹೊರಡುವಾಗ, “ನಿಮ್ಮಣ್ಣನ ಫೋಟೋ ಬಂತಾ?” ಎಂದು ಕೇಳಿದ. ಬರುತ್ತದೆ ಎಂದೆ. “ಬರುತ್ತೆ ಬಿಡು, ಅವನು ನಿಧಾನ, ಆದರೆ ಕೆಲಸ ಅಚ್ಚುಕಟ್ಟು” ಅಂದ.

ಆಫೀಸಿನ ಗುಮಾಸ್ತೆಯಿಂದ ಇನ್ನೊಂದು ವಿಷಯ ತಿಳಿಯಿತು. ಕಾಲೇಜಿಗೆ ಎಪ್ಪತ್ತೈದು ತುಂಬುತ್ತದೆ, ಅದಕ್ಕೊಂದು ದೊಡ್ಡ ಚಿತ್ರಪುಸ್ತಕ ಬರುತ್ತದೆ, ಅದನ್ನು ನಿನಗೇ ಒಪ್ಪಿಸಿದ್ದಾರೆ, ನೀನು ಮೇ ತಿಂಗಳಲ್ಲೇ ಒಪ್ಪಿದ್ದೀಯ. ಅಟ್ಟ ಸೇರಿದ್ದು ನೆಗೆಟಿವ್ ಅಲ್ಲ, ನಿನ್ನ ಧೈರ್ಯ. ತಂಗಿಗಿಂತ ಚಿತ್ರಪುಸ್ತಕ ದೊಡ್ಡದು ಎಂದು ಒಂದು ಸಾಲು ಬರೆದುಬಿಡು, ನಾನು ಅದನ್ನೇ ಸಮಿತಿಯ ಮುಂದೆ ಇಡುತ್ತೇನೆ.

ತಂಗಿ

11 ಆಗಸ್ಟ್ 1988

ತಂಗಿಗೆ,

ನೀನು ಕೇಳಿದ್ದೀಯ, ಬರೆಯುತ್ತೇನೆ. ಬಿರುಕನ್ನು ಅಳಿಸಿದವನು ಅಚ್ಚಿನವನಲ್ಲ. ನಾನು.

ನೆಗೆಟಿವಿನಲ್ಲಿ ಬಿರುಕು ಬೆಳ್ಳಗಿನ ಗೆರೆಯಾಗಿ ಇರುತ್ತದೆ. ಅದರ ಮೇಲೆ ವಾರ್ನಿಷ್ ಸವರಿ, ಮೊನಚು ಮಾಡಿದ ಪೆನ್ಸಿಲಿನಿಂದ ಆ ಗೆರೆಯನ್ನು ತುಂಬಿದರೆ ಪ್ರಿಂಟಿನಲ್ಲಿ ಗೋಡೆ ನುಣ್ಣಗಾಗುತ್ತದೆ. ಜನರ ಮುಖದ ಸುಕ್ಕನ್ನು ತೆಗೆಯುವುದೂ ಹೀಗೆಯೇ. ಇದು ನನ್ನ ಕಸುಬು, ಕಳ್ಳತನವಲ್ಲ. ಮದುವೆ ಗೊತ್ತಾಗದ ಹುಡುಗಿಯ ಮುಖದ ಮೊಡವೆ ತೆಗೆದರೆ ಅವಳ ಅಮ್ಮ ಕೈ ಮುಗಿದು ಹೋಗುತ್ತಾಳೆ. ಇದ್ದದ್ದನ್ನು ಇದ್ದ ಹಾಗೇ ತೋರಿಸುವುದಾದರೆ ನನ್ನ ಹತ್ತಿರ ಯಾಕೆ ಬರಬೇಕು, ಮನೆಯಲ್ಲಿ ಕನ್ನಡಿ ಇಲ್ಲವೇ?

ಕೋಪ ನಿನ್ನೊಬ್ಬಳ ಸ್ವತ್ತಲ್ಲ. ನನಗೂ ಬಂದಿದೆ. ಸಾಕ್ಷಿಗೆ ಬೇಕು ಎಂದು ಅವತ್ತು ಒಂದು ಮಾತು ಹೇಳಿದೆಯಾ? ಕ್ಯಾಮೆರಾ ಹೂಡುತ್ತಿದ್ದೆ. ನೀನಾಗಿಯೇ ಬಂದೆ. “ಅಣ್ಣ, ಇಲ್ಲಿ ನಿಲ್ತೀನಿ, ಚೆನ್ನಾಗಿ ತೆಗಿ” ಅಂದೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ನನ್ನ ಕ್ಯಾಮೆರಾದ ಮುಂದೆ ನಿಲ್ಲದವಳು ನೀನು. ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಊರಿಗೆ ಬಂದು ಎರಡು ದಿನ ಕಣ್ಣು ನೋಯಿಸಿಕೊಂಡು ಆ ಗೋಡೆಯನ್ನು ಹಸನು ಮಾಡಿದೆ. ನಿನ್ನ ಗದ್ದದ ಗಾಯದ ಕಲೆಯನ್ನೂ ತೆಗೆದೆ. ಆ ಕಲೆ ಯಾಕಾಯಿತು ಎಂದು ನಿನಗೂ ಗೊತ್ತು, ಏಳು ವರ್ಷದವಳಿದ್ದಾಗ ಮೆಟ್ಟಿಲಿನಿಂದ ತಳ್ಳಿದವನು ನಾನು. ಹಿಂದೆ ತೆಗೆದ ನಿನ್ನ ಯಾವ ಫೋಟೋದಲ್ಲೂ ನಾನು ಅದನ್ನು ಉಳಿಸಿಲ್ಲ. ತಂಗಿಯ ಫೋಟೋ ಚೆನ್ನಾಗಿ ಬರಲಿ ಎಂದು ಮಾಡಿದ್ದು ಇವತ್ತು ಕೊರಳಿಗೆ ಬಂದರೆ ನಾನೇನು ಮಾಡಲಿ?

ಈಗ ದಾರಿ ಕೇಳು. ಪೆನ್ಸಿಲ್ ನೆಗೆಟಿವಿನ ಮೇಲ್ಮೈಯಲ್ಲಿ ಅಷ್ಟೇ ಇರುತ್ತದೆ. ಹತ್ತಿಗೆ ಟರ್ಪೆಂಟೈನ್ ಹಚ್ಚಿ ಒರೆಸಿದರೆ ಎಲ್ಲ ಹೋಗಿ ಬಿರುಕು ಇದ್ದ ಹಾಗೆ ಬರುತ್ತದೆ. ಒರೆಸಿ ಕಳಿಸುತ್ತೇನೆ. ಆದರೆ ನನ್ನ ಹೆಸರು ಬೇಡ. ಯಾರು ತಿದ್ದಿದರು ಎಂದು ಕೇಳಿದರೆ ಗೊತ್ತಿಲ್ಲ ಅನ್ನು. ಸುಳ್ಳು ಫೋಟೋ ತೆಗೆಯುವವನು ಎಂದು ಒಮ್ಮೆ ಅನ್ನಿಸಿಕೊಂಡರೆ ಈ ಊರಲ್ಲಿ ಸ್ಟುಡಿಯೋ ಬಾಗಿಲು ಮುಚ್ಚಬೇಕಾಗುತ್ತದೆ.

ಅಣ್ಣ

15 ಆಗಸ್ಟ್ 1988

ನಿನ್ನ ಕಾಗದವನ್ನು ಎರಡು ಸಲ ಓದಿ, ಅಮಾನತಿನಲ್ಲಿದ್ದರೂ ವಾಚನಾಲಯಕ್ಕೆ ಹೋದೆ. ಕಾವಲಿನವನು ತಡೆಯಲಿಲ್ಲ. ಹಳೆಯ ಪ್ರಾಸ್ಪೆಕ್ಟಸ್‌ಗಳನ್ನೆಲ್ಲ ಜೋಡಿಸಿಟ್ಟವಳು ನಾನೇ ಅಲ್ಲವೇ, ತೆಗೆಯಲು ಐದು ನಿಮಿಷ ಸಾಕಾಯಿತು. ಒಂಬತ್ತು ವರ್ಷದವನ್ನೂ ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿದು ನೋಡಿದೆ.

ಆ ಬಿರುಕನ್ನು ನಾನು ಮೊದಲು ಕಂಡದ್ದು ಏಳು ವರ್ಷದ ಹಿಂದೆ. ಆಗಲೇ ಅಂಗೈ ಉದ್ದ ಇತ್ತು. ನಿನ್ನ ಒಂಬತ್ತು ಫೋಟೋಗಳಲ್ಲಿ ಒಂದರಲ್ಲೂ ಇಲ್ಲ. ಈ ವರ್ಷ ತಂಗಿಯ ಮೇಲಿನ ಪ್ರೀತಿಗೆ ಅಳಿಸಿದೆ, ಒಪ್ಪಿದೆ. ಉಳಿದ ಎಂಟು ವರ್ಷ ಯಾರ ಮೇಲಿನ ಪ್ರೀತಿಗೆ?

ಕುಂಬಳಕಾಯಿ ಕಳ್ಳ ಎಂದು ನಾನು ಅಚ್ಚಿನವನನ್ನು ಬೈದರೆ ನೀನು ಹದಿನೈದು ದಿನ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ಕೂತಿದ್ದೆ. ರಟ್ಟಜ್ಜ ಆ ಗೋಡೆಯ ಕೆಳಗೆ ಕೂತು ನಿನಗೆ ಟೀ ತರಿಸಿಕೊಡುತ್ತಿದ್ದ. ನಿನ್ನ ಪೆನ್ಸಿಲಿಗೆ ಗೊತ್ತಿದ್ದದ್ದನ್ನು ನಿನ್ನ ಬಾಯಿ ಅವನಿಗೆ ಒಂದು ಸಲವಾದರೂ ಹೇಳಬಹುದಿತ್ತು.

ಯಾವುದನ್ನೂ ಒರೆಸಬೇಡ. ಟರ್ಪೆಂಟೈನ್ ಶೀಸೆಯ ಮುಚ್ಚಳ ತೆಗೆಯಬೇಡ. ಒಂಬತ್ತೂ ಬೇಕು, ನಿನ್ನ ಪೆನ್ಸಿಲ್ ಸಮೇತ. ಮತ್ತು ಅದು ನಿನ್ನ ಪೆನ್ಸಿಲ್ ಎಂದು ಹೇಳುವ ಮನುಷ್ಯನೂ ಬೇಕು. ಬರದಿದ್ದರೆ ಇನ್ನು ನನಗೆ ಕಾಗದ ಬರೆಯಬೇಡ.

20 ಆಗಸ್ಟ್ 1988

ತಂಗಿಗೆ,

ಒಂಬತ್ತು ನೆಗೆಟಿವುಗಳನ್ನೂ ನಾನು ತಿದ್ದಲು ಕೂರುವ ಓರೆಮೇಜಿನ ಗಾಜಿನ ಮೇಲೆ ಸಾಲಾಗಿ ಇಟ್ಟು, ಕೆಳಗೆ ದೀಪ ಹಾಕಿ, ಮಧ್ಯಾಹ್ನವೆಲ್ಲ ನೋಡಿದೆ. ಸ್ಟುಡಿಯೋಗೆ ಬಂದವರನ್ನು ನಿನ್ನ ಅತ್ತಿಗೆ ವಾಪಸ್ಸು ಕಳಿಸಿದಳು. ಸುಣ್ಣ ಗಿಣ್ಣ ಏನೂ ಹೊಡೆಸಿಲ್ಲ. ಅದೂ ಸುಳ್ಳು.

ಎಂಟು ಅದೇ ಹನ್ನೊಂದನೇ ಮೆಟ್ಟಿಲಿನಿಂದ ತೆಗೆದದ್ದು, ಅದೇ ಲೆನ್ಸು. ಹಾಗಾಗಿ ಒಂದರ ಪಕ್ಕ ಒಂದು ಇಟ್ಟು ಅಳೆಯಬಹುದು. ಮೊದಲ ವರ್ಷ ನನ್ನ ಪೆನ್ಸಿಲ್ ಗೆರೆ ಒಂದು ಅಕ್ಕಿಕಾಳಿನಷ್ಟು. ಪ್ರತಿ ವರ್ಷ ಉದ್ದವಾಗುತ್ತ ಬಂದಿದೆ. ಐದನೇ ವರ್ಷ ಕವಲೊಡೆದಿದೆ. ಎಂಟನೇ ವರ್ಷ ಕಮಾನಿನ ನೆತ್ತಿಯಿಂದ ಸೂರಿನ ತನಕ. ನಿನ್ನ ಫೋಟೋದಲ್ಲಿ ಗೋಡೆ ಹತ್ತಿರವಿದೆ, ಅಲ್ಲಿ ನನ್ನ ಪೆನ್ಸಿಲ್ ನಿನ್ನ ಬೆರಳುಗಳ ಸಂದಿಯಲ್ಲೂ ಹೋಗಿ ಕೆಲಸ ಮಾಡಿದೆ. ಆ ಬಿರುಕು ವರ್ಷಕ್ಕೆ ಎಷ್ಟು ಬೆಳೆಯಿತು ಎಂದು ಈ ಭೂಮಿಯ ಮೇಲೆ ಬೇರೆ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು. ಪ್ರತಿ ಸಲ ಈ ಗೋಡೆ ಬಹಳ ಸಮಯ ತಿನ್ನುತ್ತದೆ ಎಂದು ಗೊಣಗಿದ್ದೇನೆ. ಗೋಡೆ ಬೀಳಬಹುದು ಎಂದು ಒಂದು ಸಲವೂ ಅನ್ನಿಸಲಿಲ್ಲ, ಇದು ಸತ್ಯ. ನನಗೆ ಅದು ಮುಖದ ಸುಕ್ಕಿನ ಹಾಗೆ ಕಂಡಿತು. ಮುಖ ಬೀಳುವುದಿಲ್ಲವಲ್ಲ.

ಇನ್ನೊಂದಿದೆ. ಅದನ್ನು ಹೇಳದಿರಲು ಇಷ್ಟು ದಿನ ಒದ್ದಾಡಿದೆ. ಮೂರನೇ ವರ್ಷ ನನಗೆ ಕಣ್ಣುಬೇನೆಯಾಗಿತ್ತು, ತಿದ್ದದೆ ಪ್ರಿಂಟ್ ಕಳಿಸಿದೆ. ಪ್ರಾಂಶುಪಾಲರು ಅದನ್ನು ಹಿಂದಕ್ಕೆ ಕಳಿಸಿದರು. ಜೊತೆಗೆ ಕಾಲೇಜಿನ ಮುದ್ರೆ ಇದ್ದ ಒಂದು ಚೀಟಿ, ಕೆಳಗೆ ಅವರ ಸಹಿ: ‘ಐದನೇ ಕಂಬದ ಮೇಲಿನ ಗೆರೆಯನ್ನು ಎಂದಿನಂತೆ ತೆಗೆದು ಕಳಿಸಿ.’ ನಾನು ತೆಗೆದು ಕಳಿಸಿದೆ. ಚೀಟಿ ಆ ನೆಗೆಟಿವಿನ ಲಕೋಟೆಯಲ್ಲೇ ಉಳಿದಿತ್ತು. ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಎಂದು ನನಗೂ ಗೊತ್ತಿತ್ತು. ಚೀಟಿ ಹೊರಗೆ ಬಂದರೆ ಅವರ ಹೆಸರಿನ ಜೊತೆ ನನ್ನದೂ ಬರುತ್ತದೆ ಎಂದು ನಿನಗೆ ತಪ್ಪಾಯಿತು ಬರೆದುಕೊಡು ಎಂದೆ. ನಾಚಿಕೆಯಾಗುತ್ತಿದೆ.

ಯಾವುದನ್ನೂ ಒರೆಸಿಲ್ಲ. 27ರ ಬೆಳಿಗ್ಗೆ ರೈಲಿಳಿಯುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ಮೊದಲು ರಟ್ಟಜ್ಜನ ಮನೆಗೆ. ಅವನು ಬಾಗಿಲು ಹಾಕಿಕೊಂಡರೆ ಹೊರಗೇ ಕೂತಿರುತ್ತೇನೆ.

ಅಣ್ಣ

17 ಸೆಪ್ಟೆಂಬರ್ 1988

ಅಣ್ಣನಿಗೆ,

ಸಮಿತಿಯ ವರದಿ ಬಂತು. ನನ್ನ ಮೇಲಿನ ಆರೋಪ ಬಿಟ್ಟಿದ್ದಾರೆ, ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ. ರಟ್ಟಜ್ಜನ ಹೊಣೆ ಪೂರ್ತಿ ಕಾಲೇಜಿನದು, ಅವನು ಬದುಕಿರುವ ತನಕ ಸಂಬಳ ಕೊಡಬೇಕು ಎಂದು ಬರೆದಿದ್ದಾರೆ. ಪ್ರಾಂಶುಪಾಲರಿಗೆ ‘ಎಚ್ಚರಿಕೆ’ ಕೊಟ್ಟಿದ್ದಾರಂತೆ. ಕೈ ಹೋದವನಿಗೆ ಸಂಬಳ, ಕೈ ಕಿತ್ತವರಿಗೆ ಎಚ್ಚರಿಕೆ. ಇವತ್ತೂ ಅದೇ ಕುರ್ಚಿಯಲ್ಲಿ ಕೂತಿದ್ದಾರೆ. ಚೀಟಿ ಓದಿದಾಗ ಅವರು ಹೇಳಿದ್ದು ನಿನಗೆ ನೆನಪಿದೆಯಲ್ಲ, “ಫೋಟೋ ಚೆನ್ನಾಗಿ ಬರ್ಲಿ ಅಂತ ಹೇಳಿದ್ದು ಅಷ್ಟೇ.” ನೀನು ಬರೆದದ್ದೂ ಅದೇ ಮಾತು. ಅದು ಅವರ ಬಾಯಿಂದ ಬಂದಾಗ ನೀನು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಆಮೇಲೆ ತಲೆಯೆತ್ತಿ, “ಗೆರೆ ಎಲ್ಲಾ ನನ್ನವು. ಒಂಬತ್ತೂ ನನ್ನವು” ಎಂದೆಯಲ್ಲ, ಅದನ್ನೂ ನೋಡಿದೆ. ಚಿತ್ರಪುಸ್ತಕದ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆಂದು ಗುಮಾಸ್ತೆ ಹೇಳಿದಳು. ನಾನು ಅಯ್ಯೋ ಅನ್ನಲಿಲ್ಲ.

ನನ್ನ ಕೋಪ ಇಳಿದಿಲ್ಲ. ಆ ಮಣೆಯ ಜಾಗ ಖಾಲಿ ಕಂಡಾಗಲೆಲ್ಲ ಹೊಸದಾಗಿ ಹತ್ತುತ್ತದೆ. ಆದರೆ ನಿನ್ನೊಬ್ಬನ ಮೇಲೇ ಹತ್ತುವುದು ನ್ಯಾಯವಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜೂನ್ ಒಂದನೇ ತಾರೀಖು ಪ್ರಾಸ್ಪೆಕ್ಟಸ್ ಮೊದಲು ಬಂದದ್ದು ನನ್ನ ಮೇಜಿಗೆ. ಬಿರುಕು ಇಲ್ಲ ಎಂದು ನಾನು ಆ ದಿನವೇ ಕಂಡೆ. ಅಚ್ಚು ಸಣ್ಣದು, ಕಾಣಿಸುತ್ತಿಲ್ಲ ಎಂದುಕೊಂಡೆ. ಎಂದುಕೊಂಡೆ ಅನ್ನುವುದೂ ಸುಳ್ಳೇ. ನಿಜ ಹೇಳಿದರೆ ನಾನು ಗೋಡೆಯನ್ನು ಸರಿಯಾಗಿ ನೋಡಲೇ ಇಲ್ಲ. ಗದ್ದದಲ್ಲಿ ಕಲೆಯಿಲ್ಲದ, ಮೂವತ್ತು ದಾಟದ ಒಬ್ಬಳು ಅಲ್ಲಿ ನಗುತ್ತಿದ್ದಳು, ಅವಳನ್ನೇ ನೋಡಿದೆ. ಒಂದು ಪ್ರತಿಯನ್ನು ಮನೆಗೂ ತಂದೆ. ಜೂನ್ ಒಂದರಿಂದ ಜುಲೈ ಹನ್ನೊಂದಕ್ಕೆ ನಲವತ್ತು ದಿನ. ನಿನಗೆ ಒಂದು ಕಾಗದ ಬರೆದು ಬಿರುಕೆಲ್ಲಿ ಎಂದು ಕೇಳಿದ್ದರೆ ಸಾಕಿತ್ತು.

ವಿಚಾರಣೆ ಮುಗಿದ ದಿನ ಮುರಿದ ಐದನೇ ಕಂಬದ ಪಕ್ಕ ನನ್ನನ್ನೂ ರಟ್ಟಜ್ಜನನ್ನೂ ನಿಲ್ಲಿಸಿ ತೆಗೆದೆಯಲ್ಲ, ಆ ಪ್ರಿಂಟ್ ಮೊನ್ನೆ ತಲುಪಿತು. ನೀನು ಪೆನ್ಸಿಲ್ ಮುಟ್ಟಿಲ್ಲ. ನನ್ನ ಕಣ್ಣ ಕೆಳಗಿನ ಕಪ್ಪು ಇದೆ, ನರೆಗೂದಲು ಇದೆ, ಗದ್ದದ ಕಲೆ ಇದೆ. ನಗು ಎಂದು ನೀನು ಹೇಳಲಿಲ್ಲ, ನಾನು ನಕ್ಕೂ ಇಲ್ಲ. ರಟ್ಟಜ್ಜ ಕೈಯನ್ನು ಪಂಚೆಯಲ್ಲಿ ಮುಚ್ಚಿಕೊಂಡಿದ್ದವನು ನೀನು ಕ್ಲಿಕ್ ಮಾಡುವ ಹೊತ್ತಿಗೆ ಸರಿಯಾಗಿ ಹೊರಗೆ ತೆಗೆದಿದ್ದಾನೆ.

ಅದಕ್ಕೆ ರಟ್ಟು ಹಾಕಿಸೋಣವೆಂದು ಅಂಗಡಿಗೆ ಹೊರಟಿದ್ದೆ. ರಟ್ಟಜ್ಜ ಕಿತ್ತುಕೊಂಡ. “ನಾನಿನ್ನೂ ಸತ್ತಿಲ್ಲ” ಅಂದ. ಎಡಗೈಯಲ್ಲಿ ರಟ್ಟು ಕತ್ತರಿಸಿ, ಮೊಂಡುಗೈಯಲ್ಲಿ ಒತ್ತಿ ಹಿಡಿದು, ಅಂಟು ಸವರಲು ಅವನಿಗೆ ಇಡೀ ಬೆಳಗು ಬೇಕಾಯಿತು. ಒಂದು ಮೂಲೆ ಮೇಲೆ ಹೋಗಿದೆ, ಅಂಟು ಹೊರಗೆ ಬಂದಿದೆ. ಬಿಚ್ಚಿ ಮತ್ತೆ ಹಾಕಲೇ ಎಂದು ಅವನೇ ಕೇಳಿದ. ಬೇಡ ಎಂದೆ. ವಾಚನಾಲಯದ ಬಾಗಿಲಿಗೆ ನೇತುಹಾಕಿದ್ದೇನೆ, ಸೊಟ್ಟಗೇ ಇದೆ.

ಜೀರಿಗೆಮೆಣಸು